ನಾಲಿಗೆಯಕ್ಕನ ಶನಿವಾರದ ಜಿನ್

ನಾಲಿಗೆ ಉದ್ದವಿರುವ ಹೆಂಗಸರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಗಂಡಸರನ್ನು ಇನ್ನೂ ಹೆಚ್ಚು ಕಂಡಿರುತ್ತೀರಿ, ಆ ಮಾತು ಬೇರೆ. ಆದರೆ ನಾಲಿಗೆಯೊಂದನ್ನೇ ನಂಬಿ ಇಪ್ಪತ್ತಾರು ವರ್ಷ ದುಡಿದವಳನ್ನು ಕಂಡಿರಲಿಕ್ಕಿಲ್ಲ. ಜಾಮು, ಶರಬತ್ತು ಮಾಡುವ ಕಾರ್ಖಾನೆಯಲ್ಲಿ ರುಚಿ ನೋಡುವುದೇ ಅವಳ ಕೆಲಸ. ಬಿಳಿ ಗೋಡೆಯ ಸಣ್ಣ ಕೋಣೆ, ಒಂದು ತೊಟ್ಟಿ, ಒಂದು ಚಮಚ, ಉಗುರುಬೆಚ್ಚಗಿನ ನೀರಿನ ಹೂಜಿ. ಪ್ರತಿ ಪಾಕದಿಂದಲೂ ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತೊಟ್ಟಿಗೆ ಉಗಿದು, ಗಾಜಿನ ಕಿಟಕಿಯಾಚೆ ನಿಂತವರಿಗೆ ಬೆರಳು ತೋರಿಸುತ್ತಿದ್ದಳು. ಒಂದು ಬೆರಳೆಂದರೆ ಹುಳಿ ಸಾಲದು, ಎರಡೆಂದರೆ ಸಿಹಿ ಸಾಲದು, ಹೆಬ್ಬೆರಳೆಂದರೆ ಬಾಟಲಿಗೆ ತುಂಬಬಹುದು. ಅವಳ ಹೆಬ್ಬೆರಳು ಏಳದೆ ಒಂದು ಹನಿಯೂ ಹೊರಗೆ ಹೋಗುವಂತಿರಲಿಲ್ಲ. ಮ್ಯಾನೇಜರಿನಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ನಾಲಿಗೆಯಕ್ಕ.

ಆ ನಾಲಿಗೆಯನ್ನು ಅವಳು ಹಸುಗೂಸಿನಂತೆ ಸಾಕಿದ್ದಳು. ಬೆಳ್ಳುಳ್ಳಿ ಇಲ್ಲ, ಖಾರ ಇಲ್ಲ, ಸುಡುವ ಕಾಫಿ ಇಲ್ಲ, ಸುವಾಸನೆಯ ಸೋಪೂ ಇಲ್ಲ. ವಾರವಿಡೀ ಸನ್ಯಾಸ. ಭಾನುವಾರ ಕಾರ್ಖಾನೆಗೆ ರಜೆ, ನಾಲಿಗೆಗೂ ರಜೆ. ಆದ್ದರಿಂದ ಅವಳ ಮನೆಯಲ್ಲಿ ಜಿನ್ನಿನ ಬಾಟಲಿ ಕಪಾಟಿನಿಂದ ಕೆಳಗಿಳಿಯುತ್ತಿದ್ದದ್ದು ಶನಿವಾರ ಸಂಜೆ ಮಾತ್ರ. ಉಳಿದ ಆರು ದಿನ ಅವಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಗಂಡ ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಎತ್ತರದ ಮೇಜು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು, ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಡಬ್ಬಿಗಳು. ಬೀದಿಯವರು ಅವರನ್ನು ಗಡಿಯಾರದವರು ಎಂದೇ ಕರೆಯುತ್ತಿದ್ದರು. ಮೆದು ಮಾತಿನ ಮನುಷ್ಯ. ಗಿರಾಕಿ ಬೈದರೂ ಮೊದಲು ಗಡಿಯಾರವನ್ನು ಸಮಾಧಾನ ಮಾಡಿ ಆಮೇಲೆ ಗಿರಾಕಿಯನ್ನು ಸಮಾಧಾನ ಮಾಡುವವರು. ಮಕ್ಕಳಿರಲಿಲ್ಲ. ಅದರ ಅಳುವನ್ನು ಗಂಡ ಹೆಂಡತಿ ಬಹಳ ಹಿಂದೆಯೇ ಅತ್ತು ಮುಗಿಸಿದ್ದರು. ಅಂಗಡಿಯಿಂದ ಜಿನ್ ತರುವುದು ಅವರ ಪಾಲು, ಬೆರೆಸುವುದು ಇವಳ ಪಾಲು, ಬೆರೆಸಿದ್ದಕ್ಕೆ ಹೆಸರಿಡುವುದು ಮತ್ತೆ ಅವರ ಪಾಲು.

ಬೇಸಿಗೆಯದು ‘ನೆರಳು’. ಸೌತೆಕಾಯಿ ತೆಳ್ಳಗೆ ಹೆಚ್ಚಿ, ಪುದೀನ ಎಲೆಯನ್ನು ಅಂಗೈ ಮೇಲಿಟ್ಟು ಒಮ್ಮೆ ತಟ್ಟಿ, ಜಿನ್, ನಿಂಬೆ, ಮೇಲೆ ಸೋಡಾ. ಪುದೀನ ಜಜ್ಜುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ; ಜಜ್ಜಿದರೆ ಕಹಿ ಬಿಡುತ್ತದೆ. ಮಳೆಗಾಲದ್ದು ‘ಕೊಡೆ’. ಶುಂಠಿ ಕುದಿಸಿದ ನೀರಿಗೆ ಜೇನು, ನಿಂಬೆ ಸೇರಿಸಿ, ಸ್ವಲ್ಪ ಆರಿದ ಮೇಲೆ ಜಿನ್. ಕುದಿಯುವಾಗಲೇ ಸುರಿದರೆ ಜಿನ್ನಿನ ಜೀವ ಹಾರಿಹೋಗುತ್ತದೆ ಎನ್ನುತ್ತಿದ್ದಳು. ಎಲೆ ಉದುರುವ ಕಾಲಕ್ಕೆ ಸೇಬಿನ ರಸ, ಚಕ್ಕೆ. ಅದಕ್ಕೆ ‘ಜೋಳಿಗೆ’ ಎಂದು ಯಾಕೆ ಹೆಸರಿಟ್ಟರೋ ಗಡಿಯಾರದವರಿಗೇ ಗೊತ್ತು. ಚಳಿಗೆ ‘ಕಂಬಳಿ’. ಕಿತ್ತಳೆ ಮಾರ್ಮಲೇಡಿನ ಬಾಟಲಿಯ ತಳದಲ್ಲಿ ಎರಡು ಚಮಚ ಉಳಿದಾಗ, ಅದಕ್ಕೇ ಜಿನ್, ನಿಂಬೆರಸ, ಐಸು ಹಾಕಿ, ಮುಚ್ಚಳ ಬಿಗಿದು, ಕೈ ಮರಗಟ್ಟುವ ತನಕ ಕುಲುಕುವುದು.

ಸಂದರ್ಭಗಳಿಗೂ ಒಂದೊಂದಿತ್ತು. ನೆಂಟರಿಷ್ಟರಲ್ಲಿ ಯಾರಿಗಾದರೂ ಬಡ್ತಿ ಸಿಕ್ಕಿದರೆ ‘ಮೆಟ್ಟಿಲು’. ಗಂಡ ಹೆಂಡತಿ ಜಗಳವಾಡಿ ರಾಜಿಯಾಗುವ ದಿನಕ್ಕೆ ‘ಸೋತೆ’. ಅದೊಂದನ್ನು ಮಾತ್ರ ತಪ್ಪು ಮಾಡಿದವರೇ ಬೆರೆಸಬೇಕು, ಬೆರೆಸುತ್ತ ತಪ್ಪೇನೆಂದು ಬಾಯಿಬಿಟ್ಟು ಹೇಳಬೇಕು, ಹೇಳಿ ಮುಗಿಸುವ ತನಕ ಇನ್ನೊಬ್ಬರು ತುಟಿ ಪಿಟಕ್ಕೆನ್ನಬಾರದು. ಇದು ಮದುವೆಯಾದ ಹೊಸದರಲ್ಲಿ ಇಬ್ಬರೂ ಸೇರಿ ಮಾಡಿಕೊಂಡ ಕಾನೂನು. ಗಡಿಯಾರದವರ ಕೈಗೂ ಬರುವಂತೆ ಸುಲಭವಾಗಿತ್ತು: ಎರಡು ಪಾಲು ಜಿನ್, ಒಂದು ಪಾಲು ಕಾರ್ಖಾನೆಯ ನಿಂಬೆ ಶರಬತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವರೇ ಹೆಚ್ಚು ಸಲ ಬೆರೆಸಿದ್ದರು. ಇವಳು ಮೂರೋ ನಾಲ್ಕೋ ಸಲ, ಅದೂ ಮುಖ ಗಂಟು ಹಾಕಿಕೊಂಡು.

ಕೊನೆಯದು ‘ಖಾಲಿ ಕುರ್ಚಿ’, ಯಾರಾದರೂ ತೀರಿಕೊಂಡಾಗ. ಅದರಲ್ಲಿ ಜಿನ್ ಮತ್ತು ನಿಂಬೆ ಸಿಪ್ಪೆಯ ಒಂದು ಎಳೆ, ಅಷ್ಟೇ. ಅವಳ ಅಮ್ಮ ಹೋದಾಗ ಮೊದಲ ಸಲ ಮಾಡಿದ್ದಳು. ಬಾಟಲಿಯನ್ನು ಒಂದು ಹಗಲು ಒಂದು ರಾತ್ರಿ ಫ್ರೀಜರಿನಲ್ಲಿಟ್ಟಿದ್ದರಿಂದ ಜಿನ್ ಎಣ್ಣೆಯ ಹಾಗೆ ಮಂದವಾಗಿ ಗ್ಲಾಸಿಗೆ ಇಳಿದಿತ್ತು.

ಸುಮಾರು ಐದು ವರ್ಷದ ಹಿಂದೆ, ಚಳಿಗಾಲದ ಒಂದು ಶನಿವಾರ, ‘ಕಂಬಳಿ’ಯ ಮೊದಲ ಗುಟುಕಿಗೇ ಅವಳ ಹುಬ್ಬು ಗಂಟಿಕ್ಕಿತು.

“ರೀ, ಸಪ್ಪೆ ಅನ್ಸಲ್ವಾ?”

ಅವರು ಒಂದು ಗುಟುಕು ಕುಡಿದು ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದರು. “ಯಾವಾಗಿನ ಹಾಗೇ ಇದೆಯಲ್ಲೇ.”

“ಕಿತ್ತಳೆ ಇದೆ, ನಿಂಬೆ ಇದೆ. ಜಿನ್ನೇ ಎಲ್ಲೂ ಕಾಣ್ತಿಲ್ಲ.”

“ಬೆಳಿಗ್ಗೆಯಿಂದ ಎಷ್ಟು ಪಾಕ ನೋಡಿದ್ಯೋ ಏನೋ. ನಾಲಿಗೆ ದಣಿದಿರುತ್ತೆ ಬಿಡು.”

ದಣಿದಿರಬಹುದು ಎಂದು ಅವಳೂ ಬಿಟ್ಟಳು. ಮುಂದಿನ ತಿಂಗಳು ಗಡಿಯಾರದವರ ತಂಗಿ ಬಂದಿದ್ದಳು. ಅಣ್ಣನೆಂದರೆ ಅವಳಿಗೆ ದೇವರಿಗಿಂತ ಒಂದು ಕೈ ಮೇಲು. ಅವಳು ಒಂದು ಗ್ಲಾಸು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. “ಅತ್ತಿಗೆ, ಈಗೀಗ ನಿಮ್ಮ ಕೈ ಹದಕ್ಕೆ ಬಂತು ನೋಡಿ. ಮೊದಲೆಲ್ಲ ಗಂಟಲು ಸುಟ್ಟುಹೋಗ್ತಿತ್ತು.” ಹೊಗಳಿಕೆ ಕೇಳಿ ನಾಲಿಗೆಯಕ್ಕ ಅಳತೆ ಗ್ಲಾಸನ್ನೆತ್ತಿ ನೋಡಿದಳು. ಅವಳ ಅಳತೆ ಬದಲಾಗಿರಲಿಲ್ಲ. ಕಾರ್ಖಾನೆಯ ಅದೇ ಅಳತೆ ಗ್ಲಾಸು, ಅದೇ ಗೆರೆ.

ಆಮೇಲೆ ಶುಂಠಿ ಹೆಚ್ಚು ಹಾಕಿದಳು. ಜೇನು ಹೆಚ್ಚು ಹಾಕಿದಳು. ಸಪ್ಪೆ ಹೋಗಲಿಲ್ಲ, ಪಾನೀಯ ಮಾತ್ರ ಕೆಮ್ಮಿನ ಔಷಧಿಯಾಯಿತು. ಗಡಿಯಾರದವರು ಒಂದು ಮಾತೂ ಆಡದೆ ಕುಡಿದರು. ಅವರದು ಯಾವಾಗಲೂ ಒಂದೇ ಗ್ಲಾಸು. ಎರಡನೆಯದಕ್ಕೆ ಬಾಟಲಿ ಬಗ್ಗಿಸಿದರೆ ಗ್ಲಾಸಿನ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. “ನಮ್ಮೋರದ್ದು ಒಂದೇ ಗ್ಲಾಸಪ್ಪಾ” ಎಂದು ಇವಳು ಎಷ್ಟು ಜನರ ಮುಂದೆ ಬೀಗಿದ್ದಳೋ ಲೆಕ್ಕವಿಲ್ಲ.

ಅದೇ ಕಾಲಕ್ಕೆ ಅವರ ಕೈ ನಡುಗಲು ಶುರುವಾಗಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದರೆ ತುಳುಕುತ್ತಿತ್ತು. “ವಯಸ್ಸಾಯ್ತಲ್ಲ, ಕೈಗೂ ಎಚ್ಚರ ಆಗೋಕೆ ಹೊತ್ತು ಬೇಕು” ಎನ್ನುತ್ತಿದ್ದರು. ಎದ್ದು ಅಡಿಗೆಮನೆಗೆ ಹೋಗಿ ನೀರು ಕುಡಿದು, ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಬಂದು ಕೂತರೆ ಅರ್ಧ ಗಂಟೆಯಲ್ಲಿ ಅದೇ ಕೈ ಕಲ್ಲಿನ ಹಾಗೆ ನಿಂತು ಸ್ಕ್ರೂ ಕೂರಿಸುತ್ತಿತ್ತು. ಒಂದು ಬುಧವಾರ ಕಾರ್ಖಾನೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅವಳು ಮೂಗರಳಿಸಿದಳು.

“ರೀ, ನಿಮ್ಮ ಹತ್ರ ಜಿನ್ ವಾಸನೆ ಬರ್ತಿದೆ.”

“ಬುಧವಾರ ಎಲ್ಲಿಂದ ಬರುತ್ತೆ ಮಾರಾಯ್ತಿ?” ಅವರು ಭೂತಗಾಜು ತೆಗೆಯಲಿಲ್ಲ. “ನಿನ್ನ ಮೂಗಲ್ಲೇ ಕೂತುಬಿಟ್ಟಿರ್ಬೇಕು.”

ಇರುವ ಜಾಗದಲ್ಲಿ ಜಿನ್ ಸಿಗುವುದಿಲ್ಲ, ಇಲ್ಲದ ಜಾಗದಲ್ಲಿ ಸಿಗುತ್ತದೆ. ನಾಲಿಗೆಯ ಜೊತೆ ಮೂಗೂ ಕೆಟ್ಟಿತೆಂದುಕೊಂಡಳು. ಗುಟ್ಟಾಗಿ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದಳು. ಅವರು ದೀಪ ಹಿಡಿದು ಬಾಯೊಳಗೆಲ್ಲ ಹುಡುಕಿ, ಏನೂ ಕಾಣದೆ, “ವಯಸ್ಸು” ಎಂದರು. ವಯಸ್ಸಿನ ಮೇಲೆ ಹಾಕಿದರೆ ಯಾರೂ ಜಗಳಕ್ಕೆ ಬರುವುದಿಲ್ಲವಲ್ಲ.

ತನ್ನ ನಾಲಿಗೆಯ ಮೇಲೆ ಒಮ್ಮೆ ಅನುಮಾನ ಬಂದವಳಿಗೆ ಆ ಬಿಳಿ ಕೋಣೆ ನರಕವಾಯಿತು. ಮೊದಲು ಒಂದು ಚಮಚಕ್ಕೆ ಮುಗಿಯುತ್ತಿದ್ದದ್ದು ಈಗ ಮೂರು ಚಮಚವಾದರೂ ಮುಗಿಯದು. ಕಿಟಕಿಯಾಚೆಯವರು ಕಾಯುತ್ತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೀಗಿರುವಾಗ ಬೇಸಿಗೆಗೆ ಮುಂಚಿನ ದೊಡ್ಡ ಕಂತು ಬಂತು: ನಿಂಬೆ ಶರಬತ್ತು, ಇಡೀ ಋತುವಿಗೆ ಆಗುವಷ್ಟು. ಚಮಚ ಬಾಯಿಗಿಟ್ಟ ಕ್ಷಣ ನಾಲಿಗೆ ಸ್ಪಷ್ಟವಾಗಿ ಹೇಳಿತು: ಹುಳಿ ಇಲ್ಲ, ನೀರಾಗಿದೆ. ಒಂದು ಬೆರಳು ಅರ್ಧ ಎತ್ತಿದ್ದಳು ಕೂಡ. ಆಗ ಮನೆಯ ನೆನಪಾಯಿತು. ಮನೆಯಲ್ಲಿ ನನಗೆ ಎಲ್ಲವೂ ನೀರೇ ಅಲ್ಲವೇ? ಎಲ್ಲರಿಗೂ ಸರಿಯಾಗಿರುವುದು ನನಗೊಬ್ಬಳಿಗೆ ತಾನೇ ಸಪ್ಪೆ? ಇದೂ ನನ್ನದೇ ದೋಷ. ಇಷ್ಟು ದೊಡ್ಡ ಕಂತನ್ನು ನನ್ನ ಕೆಟ್ಟ ನಾಲಿಗೆಗಾಗಿ ನಿಲ್ಲಿಸಲೇ? ಎತ್ತಿದ ಬೆರಳನ್ನು ಮಡಚಿ ಹೆಬ್ಬೆರಳು ತೋರಿಸಿದಳು.

ಎರಡು ವಾರದಲ್ಲಿ ಲಾರಿ ಲಾರಿ ಬಾಟಲಿ ವಾಪಸು ಬಂತು. ಪಾಕಕ್ಕೆ ಹುಳಿ ಬೀಳುವ ಕೊಳವೆ ಕಟ್ಟಿಕೊಂಡಿತ್ತಂತೆ. ಶರಬತ್ತು ಬರೀ ಸಕ್ಕರೆ ನೀರು. ಮ್ಯಾನೇಜರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕುರ್ಚಿ ಎಳೆದು ಕೂರಿಸಿ, “ನಾಲಿಗೆಗೂ ವಯಸ್ಸಾಗುತ್ತಲ್ಲ ಅಕ್ಕಾ” ಎಂದರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಎಲ್ಲವನ್ನೂ ನೀರೆನ್ನುವ ನಾಲಿಗೆ ಒಮ್ಮೆ ನಿಜ ಹೇಳಿದರೆ ಏನು ಬಂತು, ಅದನ್ನು ಇನ್ನು ನಂಬುವುದು ಹೇಗೆ ಎಂದುಕೊಂಡು ಮರುದಿನವೇ ಅವಳು ರಾಜೀನಾಮೆ ಬರೆದುಕೊಟ್ಟಳು. ಬೀಳ್ಕೊಡುಗೆಯ ದಿನ ಅವಳ ಚಮಚಕ್ಕೇ ಚಿನ್ನದ ನೀರು ಕುಡಿಸಿ, ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಪೆಟ್ಟಿಗೆಯನ್ನು ಬೀರುವಿನ ಮೇಲೆ ಎಸೆದು, ಗಂಡನ ತೊಡೆಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

“ನಾನು ಕೆಲಸಕ್ಕೆ ಬಾರದವಳಾದೆ ರೀ. ಹುಳಿ ಇದ್ಯೋ ಇಲ್ವೋ ಗೊತ್ತಾಗಲ್ಲ ಅಂದ್ರೆ ಆ ನಾಲಿಗೆ ಇಟ್ಕೊಂಡು ಏನ್ಮಾಡ್ಲಿ?”

ಅವರು ಅವಳ ತಲೆ ನೇವರಿಸುತ್ತ ಕೂತರು. ಬಾಯಿ ತೆರೆದರು, ಮುಚ್ಚಿದರು. ಅವರ ಕೈ ಅವಳ ಕೂದಲಲ್ಲಿ ನಡುಗುತ್ತಿತ್ತು. ತನ್ನ ದುಃಖಕ್ಕೆ ಮರುಗಿ ನಡುಗುತ್ತಿದೆ ಎಂದುಕೊಂಡಳು. ಅಂದಿನಿಂದ ಅವರು ಇನ್ನಷ್ಟು ಮೆದುವಾದರು. ಕಿತ್ತಳೆ ಸುಲಿದು ನಾರು ತೆಗೆದು ಕೈಗಿಡುವರು, ಕಾಲು ನೋವೆಂದರೆ ಎಣ್ಣೆ ಬಿಸಿ ಮಾಡಿ ತರುವರು. ಇಂಥ ಗಂಡನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ಅವಳು ನಂಬಿದಳು. ಆ ಪ್ರೀತಿ ಸುಳ್ಳಲ್ಲ. ಅದನ್ನು ಸುಳ್ಳೆಂದು ತಳ್ಳಿಬಿಡಲು ಆಗಿದ್ದರೆ ಮುಂದಿನದು ಇಷ್ಟು ನೋಯುತ್ತಿರಲಿಲ್ಲ.

ಅವರ ಅಣ್ಣ ತೀರಿಕೊಂಡಾಗ ಅವಳು ‘ಖಾಲಿ ಕುರ್ಚಿ’ಗೆಂದು ಬಾಟಲಿಯನ್ನು ಫ್ರೀಜರಿಗೆ ಇಡಲು ಹೋದಳು. ಅವರು ಓಡಿಬಂದು ಕೈಯಿಂದ ಕಿತ್ತುಕೊಂಡರು. “ಬೇಡ, ಬೇಡ. ಕಂಪು ಸತ್ತುಹೋಗುತ್ತೆ. ಐಸ್ ಹಾಕಿದ್ರೆ ಆಯ್ತು.” ಎಂದೂ ಏರುದನಿಯಲ್ಲಿ ಮಾತಾಡದ ಮನುಷ್ಯ ಅಂದು ಕೂಗಿದ್ದರು. ಅಣ್ಣ ಹೋದ ಸಂಕಟ ಎಂದುಕೊಂಡು ಇವಳು ಐಸು ಹಾಕಿದಳು. ಅಂದಿನದೂ ಅವಳಿಗೆ ನೀರಿನ ಹಾಗೇ ಅನ್ನಿಸಿತು, ಆದರೆ ಯಾರಿಗೂ ಹೇಳಲಿಲ್ಲ.

ಈ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅವರ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಆಸ್ಪತ್ರೆಯಲ್ಲಿ ಡಾಕ್ಟರು ಕಡತ ಬರೆಯುತ್ತ ಕೇಳಿದರು, “ಕುಡಿಯೋ ಅಭ್ಯಾಸ ಇದ್ಯಾ?”

ಉತ್ತರ ಕೊಟ್ಟವಳು ಇವಳೇ. “ಅಯ್ಯೋ, ವಾರಕ್ಕೆ ಒಂದು ಗ್ಲಾಸು ಡಾಕ್ಟ್ರೇ. ಅದೂ ನಾನೇ ಅಳತೆ ಮಾಡಿ ಕೊಡೋದು.”

ಡಾಕ್ಟರು ಪೆನ್ನು ನಿಲ್ಲಿಸಿ ರೋಗಿಯ ಮುಖ ನೋಡಿದರು. ಗಡಿಯಾರದವರು ಗೋಡೆಯ ಗಡಿಯಾರ ನೋಡುತ್ತಿದ್ದರು. ಡಾಕ್ಟರು ಮತ್ತೆ ಬರೆಯತೊಡಗಿದರು. ಪಿತ್ತಜನಕಾಂಗ ಪೂರ್ತಿ ಹಾಳಾಗಿದೆ, ಇನ್ನು ಮಾಡುವಂಥದ್ದು ಹೆಚ್ಚೇನಿಲ್ಲ ಎಂದು ಸಂಜೆ ಹೊರಗೆ ಕರೆದು ಹೇಳಿದರು.

ಮೂರು ವಾರ ಅವಳು ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಒಂದು ಮಧ್ಯಾಹ್ನ ಅವರಿಗೆ ಗಂಜಿ ಕುಡಿಸುವ ಮೊದಲು ತುದಿನಾಲಿಗೆಗೆ ಮುಟ್ಟಿಸಿ, “ಉಪ್ಪು ಸಾಲದೇನೋ, ನನಗೆಲ್ಲಿ ಗೊತ್ತಾಗ್ಬೇಕು” ಎಂದು ಗೊಣಗಿದಳು. ಅವರು ಅವಳ ಮಣಿಕಟ್ಟು ಹಿಡಿದರು.

“ನಿನ್ನ ನಾಲಿಗೆಗೆ ಏನೂ ಆಗಿಲ್ಲ ಕಣೇ. ಯಾವತ್ತೂ ಆಗಿರ್ಲಿಲ್ಲ.”

“ಸುಮ್ನಿರಿ. ಈ ಸ್ಥಿತೀಲೂ ನನ್ನ ಸಮಾಧಾನ ಮಾಡ್ಬೇಕಾ?”

“ಸಮಾಧಾನ ಅಲ್ಲ. ಕೇಳು ಇಲ್ಲಿ. ಮನೆಗೆ ಹೋದ್ಮೇಲೆ ನಾನೊಂದು ‘ಸೋತೆ’ ಬೆರೆಸ್ಬೇಕು.”

ಅವಳಿಗೆ ನಗು ಬಂತು. “ಜಗಳಾನೇ ಆಡಿಲ್ಲ, ಯಾತಕ್ಕೆ ‘ಸೋತೆ’? ಬಾಯಿ ತೆಗೀರಿ, ಗಂಜಿ ಆರುತ್ತೆ.”

“ಇದೆ ಕಣೇ ಒಂದು. ಈಗ್ಲೇ ಹೇಳಿಬಿಡ್ತೀನಿ...”

“ಎಲ್ಲಾ ಮನೇಲಿ ಹೇಳುವಿರಂತೆ. ಆಯಾಸ ಮಾಡ್ಕೋಬೇಡಿ” ಎಂದು ಚಮಚವನ್ನು ಬಾಯಿಗಿಟ್ಟಳು. ಅವರು ಗಂಜಿ ನುಂಗಿದರು. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ದಿಂಬು ಒದ್ದೆಯಾಯಿತು. ಅದನ್ನೂ ಸೆರಗಿನಿಂದ ಒರೆಸಿದಳು. ಮೂರನೆಯ ದಿನ ಅವರು ಹೋದರು.

ಒಂದು ತಿಂಗಳು ಕಳೆದು ನಾದಿನಿ ಫೋನ್ ಮಾಡಿದಳು. “ಅತ್ತಿಗೆ, ಶನಿವಾರ ಬರ್ತೀನಿ. ಅಣ್ಣನಿಗೂ ಒಂದು ‘ಖಾಲಿ ಕುರ್ಚಿ’ ಆಗ್ಬೇಕಲ್ವಾ? ನೀವೇ ಮಾಡ್ಬೇಕು.”

ನಾಲಿಗೆಯಕ್ಕನಿಗೆ ಅಂದಿನಿಂದ ಒಂದೇ ಚಿಂತೆ. ಅವಳು ಈ ಜನ್ಮದಲ್ಲಿ ಗಂಡನಿಗಾಗಿ ಬೆರೆಸುವ ಕೊನೆಯ ಗ್ಲಾಸು ಇದು. ಇದಾದರೂ ಸರಿಯಾಗಿರಬೇಕು. ಜೇನಿಲ್ಲ, ಶುಂಠಿಯಿಲ್ಲ, ತಪ್ಪು ಮುಚ್ಚಿಕೊಳ್ಳಲು ಅದರಲ್ಲಿ ಏನೂ ಇಲ್ಲ. ಸತ್ತ ನಾಲಿಗೆಯನ್ನು ನಂಬುವ ಹಾಗಿಲ್ಲ. ಅಮ್ಮನಿಗೆ ಮಾಡಿದ ಹಾಗೇ ಮಾಡಿಬಿಡುವುದು ಎಂದು ತೀರ್ಮಾನಿಸಿದಳು. ಕಂಪು ಸಾಯುತ್ತದೆ ಎಂದು ಕೂಗುವವರು ಈಗಿಲ್ಲ. ಶುಕ್ರವಾರ ಬೆಳಿಗ್ಗೆಯೇ ಕಪಾಟಿನಿಂದ ಬಾಟಲಿ ತೆಗೆದಳು. ಅವರು ಆಸ್ಪತ್ರೆ ಸೇರುವ ಮೊದಲು ತಂದಿಟ್ಟದ್ದು, ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಬಟ್ಟೆಯಲ್ಲಿ ಒರೆಸಿ ಫ್ರೀಜರಿನಲ್ಲಿ ಮಲಗಿಸಿದಳು.

ಶನಿವಾರ ನಾಲ್ಕು ಗಂಟೆಗೆ ನಾದಿನಿ ಬಂದಳು. ಕೈಯಲ್ಲಿ ಒಂದು ಹೊಸ ಬಾಟಲಿ ಜಿನ್, ಸಾಲದೆ ಬಂದರೆ ಇರಲಿ ಎಂದು. ಅಣ್ಣನ ಮೇಜಿನ ಮುಂದೆ ನಿಂತು ಭೂತಗಾಜನ್ನು ಮುಟ್ಟಿ ಮುಟ್ಟಿ ಅತ್ತಳು. ಇವಳು ಅಡಿಗೆಮನೆಗೆ ಬಂದು ನಿಂಬೆ ಸಿಪ್ಪೆಯನ್ನು ಬಿಳಿ ಭಾಗ ಬಾರದಂತೆ ಎಳೆಯಾಗಿ ತೆಗೆದಳು. ಮೂರು ಗ್ಲಾಸು ಇಟ್ಟಳು, ಒಂದು ಅವರ ಕುರ್ಚಿಯ ಮುಂದಿಡಲು. ಫ್ರೀಜರಿನಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ಬಗ್ಗಿಸಿದಳು.

ಏನೂ ಬೀಳಲಿಲ್ಲ.

ಇನ್ನಷ್ಟು ಬಗ್ಗಿಸಿದಳು. ಕೊನೆಗೆ ತಲೆಕೆಳಗು ಹಿಡಿದಳು. ಬಾಟಲಿಯೊಳಗೆ ಬೆಳ್ಳಗಿನ ಗಡ್ಡೆಯೊಂದು ಗಾಜಿಗೆ ಅಂಟಿಕೊಂಡು ಮಿಸುಕದೆ ನಿಂತಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ನಾಲಿಗೆ ಬೇಕಾಗಿರಲಿಲ್ಲ. ಯಾವುದು ಎಷ್ಟು ತಣ್ಣಗಾದರೆ ಗಟ್ಟಿಯಾಗುತ್ತದೆ ಎಂದು ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಕಂಡವಳು ಅವಳು. ಜಿನ್ ಮನೆಯ ಫ್ರೀಜರಿನಲ್ಲಿ ಎಷ್ಟು ದಿನವಿಟ್ಟರೂ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟುವುದು ನೀರು. ಮುಚ್ಚಳ ತೆಗೆದು ಮತ್ತೆ ಹಾಕುವ ಕೈ ಆ ಮನೆಯಲ್ಲಿ ಇನ್ನೊಂದೇ ಇತ್ತು.

ಬಾಟಲಿ ಹಿಡಿದ ಬೆರಳುಗಳು ಮರಗಟ್ಟಿದರೂ ಕೆಳಗಿಡಲು ತೋಚಲಿಲ್ಲ. ಬೆಳಗಿನ ನಡುಕ, ಅಡಿಗೆಮನೆಗೆ ಹೋಗಿ ಕುಡಿದ ನೀರು, ಪೆಪ್ಪರ್‌ಮಿಂಟ್, ಬುಧವಾರದ ವಾಸನೆ, ಅವರ ಅಣ್ಣ ಸತ್ತ ದಿನದ ಕೂಗು, ಎಲ್ಲವೂ ತಾವಾಗಿಯೇ ಬಂದು ಸಾಲಾಗಿ ನಿಂತವು. ಆರು ದಿನ ಅವರು ಕುಡಿದು, ಆರು ದಿನ ನೀರು ತುಂಬಿ, ಏಳನೆಯ ದಿನ ಅವಳು ಬೆರೆಸಿದ್ದನ್ನು ಚಪ್ಪರಿಸಿ ‘ಯಾವಾಗಿನ ಹಾಗೇ ಇದೆ’ ಎಂದಿದ್ದರು. ತಮ್ಮ ಕೈ ಉಳಿಸಿಕೊಳ್ಳಲು ಅವಳ ನಾಲಿಗೆಯನ್ನು ಬಲಿಕೊಟ್ಟಿದ್ದರು. ತೊಡೆಯ ಮೇಲೆ ಮುಖವಿಟ್ಟು ಅತ್ತಾಗಲೂ ಹೇಳಲಿಲ್ಲ. ಅವಳಿಗೆ ಸಿಟ್ಟು ಬಂತು, ಎಂದೂ ಬಾರದಷ್ಟು. ಆ ಸಿಟ್ಟನ್ನು ಯಾರ ಮುಖಕ್ಕೆ ಎಸೆಯುವುದು?

“ಅತ್ತಿಗೆ,” ಮುಂದಿನ ಕೋಣೆಯಿಂದ ನಾದಿನಿ ಕೂಗಿದಳು, “ಅಣ್ಣ ತಂದಿದ್ದ ಬಾಟ್ಲಿ ಇದ್ರೆ ಅದ್ರದ್ದೇ ಹಾಕಿ. ಅವನ ಕೈ ಮುಟ್ಟಿದ್ದು.”

“ಅದು ಕೆಟ್ಟಿದೆ” ಎಂದಳು ಇವಳು.

“ಜಿನ್ ಎಲ್ಲಾದ್ರೂ ಕೆಡುತ್ತಾ? ನಿಮಗೆ ಹಾಗನ್ಸಿರುತ್ತೆ ಪಾಪ. ನಿಮ್ಮ ನಾಲಿಗೆ ಮೊದಲಿನ ಹಾಗಿಲ್ವಲ್ಲ.”

ಹೆಪ್ಪುಗಟ್ಟಿದ ಬಾಟಲಿಯನ್ನು ತೆಗೆದುಕೊಂಡು ಹೋಗಿ ಆ ಮೇಜಿನ ಮೇಲೆ ಕುಕ್ಕಿದ್ದರೆ ಸಾಕಿತ್ತು. ಒಂದೇ ಮಾತಿಗೆ ಅವಳ ನಾಲಿಗೆ ಗೆಲ್ಲುತ್ತಿತ್ತು, ಅವರು ಸೋಲುತ್ತಿದ್ದರು. ಎರಡು ಹೆಜ್ಜೆ ಇಟ್ಟಳು ಕೂಡ. ಬಾಗಿಲ ಸಂದಿಯಿಂದ ಕಂಡದ್ದು ನಾದಿನಿ ಅಣ್ಣನ ಸ್ಕ್ರೂ ಡಬ್ಬಿಗಳನ್ನು ಸೆರಗಿನಲ್ಲಿ ಒಂದೊಂದಾಗಿ ಒರೆಸಿ ಸಾಲಾಗಿ ಇಡುತ್ತಿದ್ದದ್ದು. ಇವಳು ಹಿಂದೆ ಬಂದು ಬಾಟಲಿಯನ್ನು ಪಾತ್ರೆ ತೊಳೆಯುವ ಸಿಂಕಿನ ಮೂಲೆಯಲ್ಲಿ ನಿಲ್ಲಿಸಿ ಮೇಲೊಂದು ಬಟ್ಟೆ ಹೊದಿಸಿದಳು.

ಹೊಸ ಬಾಟಲಿಯ ಮುಚ್ಚಳ ಮುರಿದಳು. ಬೀರುವಿನ ಮೇಲಿನ ಮಖಮಲ್ಲಿನ ಪೆಟ್ಟಿಗೆ ಇಳಿಸಿ ಚಿನ್ನದ ನೀರಿನ ಚಮಚ ತೆಗೆದಳು. ಒಂದು ಚಮಚ ಜಿನ್ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಮೊದ ಮೊದಲು ಬರೀ ಉರಿ. ಆಮೇಲೆ ಒಂದೊಂದಾಗಿ ಬಂದವು: ಜಿನ್ನಿಗೆ ಅದರ ಗುರುತು ಕೊಡುವ ಜುನಿಪರ್ ಕಾಯಿಯ ಕಾಡು ಕಂಪು, ಅದರ ಹಿಂದೆ ಕೊತ್ತಂಬರಿ ಬೀಜ, ಒಣಗಿದ ಕಿತ್ತಳೆ ಸಿಪ್ಪೆ, ಗಂಟಲ ಹತ್ತಿರ ಯಾವುದೋ ಬೇರಿನ ಮಣ್ಣು ರುಚಿ. ಒಂದೂ ಕಾಣೆಯಾಗಿರಲಿಲ್ಲ. ಕಾರ್ಖಾನೆಯ ಮೊದಲ ದಿನದಷ್ಟೇ ಚೊಕ್ಕವಾಗಿ ನಾಲಿಗೆ ಎಲ್ಲವನ್ನೂ ಎಣಿಸಿ ಹೇಳಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಸದ್ದಾಗದಂತೆ ಅತ್ತಳು.

ಮೂರು ಗ್ಲಾಸು ತಂದಿಟ್ಟಳು. ನಾದಿನಿ ಒಂದು ಗುಟುಕು ಕುಡಿದು ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು.

“ಅಬ್ಬಾ, ಏನ್ ಖಾರ ಅತ್ತಿಗೆ! ಹದ ತಪ್ಪಿದೆ ನೋಡಿ. ಅಣ್ಣ ಇದ್ದಿದ್ರೆ ಹೇಳ್ತಿದ್ದ.”

“ಹದ ತಪ್ಪಿಲ್ಲ” ಎಂದಳು ನಾಲಿಗೆಯಕ್ಕ. ಕಿಟಕಿಯಾಚೆ ಕಾಯುವವರಿಗೆ ತೋರಿಸುತ್ತಿದ್ದಂತೆ ಹೆಬ್ಬೆರಳು ತಾನಾಗಿಯೇ ಮೇಲೆದ್ದಿತ್ತು. “ಇದೇ ಸರಿ.”

ನಾದಿನಿ ಪಾಪ ಎನ್ನುವಂತೆ ಅವಳ ಕೈ ಅದುಮಿ, ಇನ್ನೊಂದಿಷ್ಟು ಐಸು ಹಾಕಿಕೊಂಡು ಕುಡಿದಳು. ಅಣ್ಣನ ಒಂದೇ ಗ್ಲಾಸಿನ ಕಥೆಯನ್ನು ಎರಡು ಸಲ ಹೇಳಿದಳು. ಇವಳು ಎರಡು ಸಲವೂ ಹ್ಞೂಂಗುಟ್ಟಿದಳು. ಆರು ಗಂಟೆಯ ಬಸ್ಸಿಗೆ ನಾದಿನಿ ಹೊರಟಳು.

ಬಾಗಿಲು ಹಾಕಿ ಬಂದು ಸಿಂಕಿನಲ್ಲಿದ್ದ ಬಾಟಲಿಯ ಬಟ್ಟೆ ತೆಗೆದಳು. ಅಂಚಿನಲ್ಲಿ ಒಂದಿಷ್ಟು ಕರಗಿತ್ತು. ಚಮಚದಲ್ಲಿ ಹಿಡಿದು ನಾಲಿಗೆಗೆ ಇಟ್ಟಳು. ಐದು ವರ್ಷದಿಂದ ತನ್ನದೆಂದು ತಿಳಿದಿದ್ದ ಅದೇ ಸಪ್ಪೆ. ಆಸ್ಪತ್ರೆಯ ಮಧ್ಯಾಹ್ನ ನೆನಪಾಯಿತು. ಹೇಳಲು ಬಾಯಿ ತೆರೆದಿದ್ದರು. ಆ ಬಾಯಿಗೆ ಗಂಜಿಯ ಚಮಚ ತುರುಕಿದವಳು ತಾನೇ. ಹೇಳಿ ಮುಗಿಸುವ ತನಕ ಇನ್ನೊಬ್ಬರು ಮಾತಾಡಬಾರದೆಂಬ ಕಾನೂನನ್ನು ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಮುರಿದವಳೂ ತಾನೇ.

ಅವಳು ಮುಂದಿನ ಕೋಣೆಗೆ ಬಂದು ಅವರ ಮೇಜಿನ ಮೇಲೆ ಜಾಗ ಮಾಡಿದಳು. ಎರಡು ಗ್ಲಾಸು, ಅಳತೆ ಗ್ಲಾಸು, ಹೊಸ ಜಿನ್, ನಿಂಬೆ ಶರಬತ್ತಿನ ಬಾಟಲಿ, ಎಲ್ಲವನ್ನೂ ಅವರ ಬಲಗೈಗೆ ಸಿಗುವ ಹಾಗೆ ಜೋಡಿಸಿದಳು. ಒಂದನ್ನೂ ಬೆರೆಸಲಿಲ್ಲ. ಅದನ್ನು ಬೆರೆಸುವುದು ಅವಳ ಕೆಲಸವಲ್ಲ. ಗಿರಾಕಿಗಳು ಕೂರುವ ಸ್ಟೂಲನ್ನು ಎಳೆದುಕೊಂಡು ಅವರ ಖಾಲಿ ಕುರ್ಚಿಯ ಎದುರು ಕೂತಳು.

“ಹೇಳಿ ರೀ,” ಎಂದಳು. “ಈ ಸಲ ನಾನು ಮಧ್ಯೆ ಬಾಯಿ ಹಾಕಲ್ಲ.”